ನಾಲ್ಕೂವರೆಯ ಧಾರಾವಾಹಿಗಳನ್ನು ಉಳಿಸಿಕೊಡಿ: ಚಿಕ್ಕಮಗಳೂರಿನಿಂದ ಒಂದು ಬಹಿರಂಗ ಪತ್ರ

ಪ್ರಸಾರ ಭಾರತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ, ಬೆಂಗಳೂರು ದೂರದರ್ಶನ ಕೇಂದ್ರದ ಮುಖ್ಯಸ್ಥರಿಗೆ ಹಾಗೂ ಕನ್ನಡದ ಎಲ್ಲ ಖಾಸಗಿ ವಾಹಿನಿಗಳ ಆಡಳಿತ ವರ್ಗದವರಿಗೆ,

ಮಾನ್ಯರೇ,

ನಾನು ಚಿಕ್ಕಮಗಳೂರಿನ ಬಸವನಹಳ್ಳಿಯಲ್ಲಿ ವಾಸವಾಗಿರುವ ನಿವೃತ್ತ ಕನ್ನಡ ಅಧ್ಯಾಪಕಿ. ಕಳೆದ ಎರಡು ವರ್ಷಗಳಿಂದ ಪ್ರತಿ ಬುಧವಾರ ಮತ್ತು ಶನಿವಾರ ಮಧ್ಯಾಹ್ನ ನಾವು ಹನ್ನೊಂದು ಮಂದಿ ಹೆಂಗಸರು ನಮ್ಮ ಮನೆಯ ನಡುಮನೆಯಲ್ಲಿ ಸೇರಿ, ಇಪ್ಪತ್ತು ಇಪ್ಪತ್ತೈದು ವರ್ಷಗಳ ಹಿಂದೆ ಮಧ್ಯಾಹ್ನದ ಹೊತ್ತಿನಲ್ಲಿ ಬರುತ್ತಿದ್ದ ಕನ್ನಡ ಧಾರಾವಾಹಿಗಳ ಕಂತುಗಳಲ್ಲಿ ನಮ್ಮ ಕೈಗೆ ಸಿಕ್ಕಿದಷ್ಟನ್ನು ಮೊದಲಿನಿಂದ ಕ್ರಮವಾಗಿ ನೋಡುತ್ತಿದ್ದೇವೆ. ಒಂದು ದಿನಕ್ಕೆ ಮೂರು ಕಂತು, ಅದಾದ ಮೇಲೆ ಕಾಫಿ, ಆಮೇಲೆ ಕತ್ತಲಾಗುವವರೆಗೆ ಅದೇ ಮಾತು. ಈ ಪತ್ರವನ್ನು ಬರೆಯಲು ನನ್ನನ್ನು ಒಪ್ಪಿಸಿದವರು ಅವರೇ. ನಮ್ಮ ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ: ಆ ಕಾಲದ ಧಾರಾವಾಹಿಗಳ ಮೂಲ ಟೇಪುಗಳಲ್ಲಿ ಏನೇನು ಉಳಿದಿದೆ, ಏನೇನು ಹೋಗಿದೆ ಎಂಬುದನ್ನು ತಾವು ಕನ್ನಡಿಗರಿಗೆ ತಿಳಿಸಬೇಕು, ಉಳಿದಿರುವುದನ್ನು ಇಡಿಯಾಗಿ, ಕ್ರಮ ತಪ್ಪಿಸದೆ, ಕತ್ತರಿ ಹಾಕದೆ ಮತ್ತೆ ನೋಡಲು ಸಿಗುವಂತೆ ಮಾಡಬೇಕು.

1998ರ ಸುಮಾರಿಗೆ ದೂರದರ್ಶನದಲ್ಲಿ ಟಿ. ಎನ್. ಸೀತಾರಾಮ್, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಅವರ ‘ಮಾಯಾಮೃಗ’ ಬರುತ್ತಿದ್ದ ದಿನಗಳಲ್ಲಿ ನಾಲ್ಕೂವರೆ ಎಂಬುದು ನಮ್ಮ ಊರಿನಲ್ಲಿ ಗಡಿಯಾರದ ಒಂದು ಹೊತ್ತಾಗಿ ಉಳಿದಿರಲಿಲ್ಲ. ಹೆಂಗಸರ ದಿನವನ್ನು ಎರಡು ಪಾಲು ಮಾಡುವ ಗೆರೆಯಾಗಿತ್ತು. ಪಾತ್ರೆ ತೊಳೆಯುವುದು, ಒಣಗಿದ ಬಟ್ಟೆ ತೆಗೆಯುವುದು, ಹಾಲಿಗೆ ಹೆಪ್ಪು ಹಾಕುವುದು ಎಲ್ಲವೂ ಅದಕ್ಕೆ ಮೊದಲು ಮುಗಿಯಬೇಕು. ನಾನು ಶಾಲೆ ಬಿಟ್ಟ ತಕ್ಷಣ ಮಾರುಕಟ್ಟೆಯ ದಾರಿ ಬಿಟ್ಟು ಒಳದಾರಿಯಲ್ಲಿ ಮನೆಗೆ ಬರುತ್ತಿದ್ದೆ. ಮಲೆನಾಡಿನ ಮನೆಗಳಲ್ಲಿ ಆಂಟೆನಾವನ್ನು ಉದ್ದನೆಯ ಬಿದಿರಿನ ಗಳಕ್ಕೆ ಕಟ್ಟಿ ನಿಲ್ಲಿಸುತ್ತಿದ್ದರು. ಮಳೆಗಾಳಿಗೆ ಅದು ತಿರುಗಿಬಿಟ್ಟರೆ ಒಬ್ಬರು ಅಂಗಳದಲ್ಲಿ ನಿಂತು ಗಳ ತಿರುಗಿಸಬೇಕು, ಒಳಗಿನಿಂದ ಇನ್ನೊಬ್ಬರು “ಬಂತು, ಬಂತು, ಹಾಗೇ ಬಿಡಿ” ಎಂದು ಕೂಗಬೇಕು. ಗುಡ್ಡದ ಮರೆಯಲ್ಲಿರುವ ತೋಟದ ಮನೆಗಳಿಗೆ ಅಷ್ಟೂ ಸಿಗುತ್ತಿರಲಿಲ್ಲ. ಡಿಶ್ ಹಾಕಿಸಿಕೊಳ್ಳುವ ಅನುಕೂಲವಿದ್ದ ಒಂದು ಮನೆಗೆ ಸುತ್ತಲಿನ ಕೂಲಿ ಲೈನಿನ ಮನೆಗಳವರೆಲ್ಲ ಬಂದು ಜಗಲಿಯ ತುಂಬ ಕೂರುತ್ತಿದ್ದರು.

ಹಳೆಯ ಕಂತುಗಳನ್ನು ಮತ್ತೆ ನೋಡುವುದೆಂದರೆ ನೋಡಿದ್ದನ್ನೇ ನೋಡುವ ಹಳಹಳಿಕೆ ಎಂದು ತಿಳಿದವರು ತಮ್ಮ ಕಚೇರಿಗಳಲ್ಲಿಯೂ ಇರಬಹುದು. ನಮ್ಮ ಗುಂಪಿನ ಮೂವರಿಗೆ ಆ ಮಾತು ಸಲ್ಲುವುದಿಲ್ಲ. ಅವರಲ್ಲಿ ಒಬ್ಬರು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಇಪ್ಪತ್ತೆಂಟು ವರ್ಷ ಬೀಜ ಆರಿಸುವ ಕೆಲಸ ಮಾಡಿದವರು. ಸಂಜೆ ಐದರ ಗಂಟೆ ಹೊಡೆದ ಮೇಲೆಯೇ ಅವರಿಗೆ ಗೇಟಿನಿಂದ ಹೊರಗೆ ಬರಲು ಸಾಧ್ಯವಿತ್ತು. ಮಾರನೆಯ ದಿನ ಬಸ್ಸಿನಲ್ಲಿ, ನಲ್ಲಿಯ ಬಳಿ, ರೇಷನ್ ಅಂಗಡಿಯ ಸಾಲಿನಲ್ಲಿ ಎಲ್ಲರೂ ಆ ಧಾರಾವಾಹಿಯ ಮಾತನ್ನೇ ಆಡುತ್ತಿದ್ದರೆ ಅವರು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರಂತೆ. ಪಾತ್ರಗಳ ಹೆಸರುಗಳೆಲ್ಲ ಗೊತ್ತು, ಯಾರು ಯಾರಿಗೆ ಏನಾಗಬೇಕು ಎಂಬುದೂ ಗೊತ್ತು, ಆದರೆ ಒಬ್ಬರ ಮುಖವನ್ನೂ ನೋಡಿದವರಲ್ಲ. ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಮೊದಲ ಕಂತು ನೋಡಿದ ದಿನ ಅವರು, “ನಾನು ಅಂದುಕೊಂಡಿದ್ದಕ್ಕಿಂತ ಇವಳು ಎತ್ತರ ಇದ್ದಾಳೆ ಟೀಚರೇ” ಎಂದರು. ಇಷ್ಟು ವರ್ಷ ಒಂದು ಕಥೆಯನ್ನು ಕಿವಿಯಲ್ಲಿಯೇ ಇಟ್ಟುಕೊಂಡಿದ್ದವರ ಮಾತು ಅದು. ಮಧ್ಯಾಹ್ನದ ಧಾರಾವಾಹಿಗಳು ಮನೆಯಲ್ಲಿರುವ ಹೆಂಗಸರಿಗಾಗಿ ಎಂದು ತೀರ್ಮಾನಿಸಿ ಹೊತ್ತು ಗೊತ್ತುಮಾಡಿದಾಗ, ತೋಟದಲ್ಲಿ, ಗೋದಾಮಿನಲ್ಲಿ, ಆಸ್ಪತ್ರೆಯಲ್ಲಿ, ಶಾಲೆಯಲ್ಲಿ ದುಡಿಯುತ್ತಿದ್ದ ಹೆಂಗಸರು ಹೊರಗುಳಿದರು. ಅವರ ಪಾಲಿಗೆ ಆ ಕಥೆ ಇನ್ನೂ ಪ್ರಸಾರವಾಗಿಲ್ಲ ಎಂದೇ ಹೇಳಬೇಕು.

ನೋಡಿದ ನಮಗಾದರೂ ಪೂರ್ತಿ ಸಿಕ್ಕಿತೆಂದಲ್ಲ. ಕರೆಂಟು ಹೋಗುತ್ತಿತ್ತು, ನೆಂಟರು ಬರುತ್ತಿದ್ದರು, ಮಗುವಿಗೆ ಜ್ವರ ಬರುತ್ತಿತ್ತು. ತಪ್ಪಿಹೋದ ಕಂತನ್ನು ಮಾರನೆಯ ಬೆಳಿಗ್ಗೆ ಕಾಂಪೌಂಡಿನ ಆಚೆ ನಿಂತು ಪಕ್ಕದ ಮನೆಯ ಅಕ್ಕ ನನಗೆ ಹೇಳುತ್ತಿದ್ದರು. ಹೇಳುವುದೆಂದರೆ ಬರಿಯ ಕಥೆಯಲ್ಲ. ಯಾರು ಯಾವ ದನಿಯಲ್ಲಿ ಅಂದರು, ಅಂದ ಮೇಲೆ ಎಷ್ಟು ಹೊತ್ತು ಸುಮ್ಮನಿದ್ದರು, ಆಗ ಅತ್ತೆಯ ಕೈ ಎಲ್ಲಿತ್ತು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದರು. ಕಳೆದ ವರ್ಷ ನಾವು ಅಂಥ ಒಂದು ಕಂತನ್ನು ನೋಡಿದೆವು. ಅದರಲ್ಲಿ ತಂದೆಯೊಬ್ಬ ಮಗಳನ್ನು ಬಸ್ಸು ಹತ್ತಿಸುವಾಗ ಒಂದು ಮಾತು ಹೇಳುತ್ತಾನೆಂದು ನಾನು ಇಪ್ಪತ್ತು ವರ್ಷ ನಂಬಿದ್ದೆ. ನನ್ನ ವಿದ್ಯಾರ್ಥಿನಿಯರಿಗೂ ಅದನ್ನು ಹೇಳಿದ್ದೆ. ಕಂತಿನಲ್ಲಿ ಆ ತಂದೆ ಏನೂ ಹೇಳುವುದಿಲ್ಲ. ಆ ಮಾತನ್ನು ಹೇಳಿದವರು ನಮ್ಮ ಪಕ್ಕದ ಮನೆಯ ಅಕ್ಕ. ಅವರು ತೀರಿಕೊಂಡು ಒಂಬತ್ತು ವರ್ಷವಾಗಿದೆ. ಮೂಲ ಕಂತು ನೋಡಲು ಸಿಗದೇ ಹೋಗಿದ್ದರೆ ಬರೆದವರ ಮೌನ ಯಾವುದು, ನಮ್ಮ ಅಕ್ಕನ ಮಾತು ಯಾವುದು ಎಂಬುದು ನನಗೆ ಎಂದಿಗೂ ತಿಳಿಯುತ್ತಿರಲಿಲ್ಲ, ಎರಡಕ್ಕೂ ಸಲ್ಲಬೇಕಾದ ಮನ್ನಣೆ ಸಲ್ಲುತ್ತಿರಲಿಲ್ಲ.

ಕನ್ನಡ ಪಾಠ ಹೇಳಿದವಳಾಗಿ ನಾನು ಒತ್ತಿ ಹೇಳಬೇಕಾದ ಇನ್ನೊಂದು ವಿಷಯವಿದೆ. ಆ ಧಾರಾವಾಹಿಗಳಲ್ಲಿ ಮನೆಯೊಳಗಿನ ಕನ್ನಡ ಇದೆ. ತಾಯಿ ಮಗಳನ್ನು ದಿನವೂ “ಏನೇ” ಎನ್ನುತ್ತಾಳೆ. ನಿಜವಾಗಿ ಸಿಟ್ಟು ಬಂದ ದಿನ “ಏನಮ್ಮಾ” ಎನ್ನುತ್ತಾಳೆ, ಆ ಗೌರವವೇ ಪೆಟ್ಟಾಗಿ ತಾಗುತ್ತದೆ. ಗಂಡನ ಮುಂದೆ “ಕಣ್ರೀ” ಎಂದು ಮುಗಿಯುವ ವಾಕ್ಯ ಓರಗಿತ್ತಿಯ ಮುಂದೆ “ಕಣೇ” ಎಂದು ಮುಗಿಯುತ್ತದೆ, ಅತ್ತೆಯ ಮುಂದೆ ಮುಗಿಯದೆ ಹಾಗೆಯೇ ನಿಂತುಬಿಡುತ್ತದೆ. ವ್ಯಾಕರಣದ ಪುಸ್ತಕದಲ್ಲಿ ಇದು ಸಿಗುವುದಿಲ್ಲ, ಕಾದಂಬರಿಯಲ್ಲಿ ಅಕ್ಷರ ಸಿಗುತ್ತದೆ, ಸ್ವರ ಸಿಗುವುದಿಲ್ಲ. ಇವತ್ತಿನ ಮಕ್ಕಳು ಅತ್ತಿಗೆ, ನಾದಿನಿ, ಷಡ್ಡಕ, ಬೀಗರು ಎಂಬ ಸಂಬಂಧಗಳನ್ನು ಆಂಟಿ, ಅಂಕಲ್ ಎಂಬ ಎರಡು ಪದಗಳಲ್ಲಿ ಮುಗಿಸುತ್ತಿರುವಾಗ, ಆ ಒಂದೊಂದು ಸಂಬಂಧಕ್ಕೂ ಒಂದೊಂದು ಮಾತಿನ ವರಸೆ ಇತ್ತೆಂಬುದನ್ನು ಕೇಳಿಸಿಕೊಡುವ ದಾಖಲೆ ನಮ್ಮಲ್ಲಿ ಬೇರೆ ಎಷ್ಟಿದೆ? ಮಾತಿನ ಜೊತೆಗೆ ಮನೆಯೂ ಕಾಣುತ್ತದೆ. ಕಸೂತಿಯ ಬಟ್ಟೆ ಹೊದಿಸಿದ ಫೋನು, ಇನ್‌ಲ್ಯಾಂಡ್ ಪತ್ರವನ್ನು ಹರಿಯದಂತೆ ಬಿಡಿಸುವ ಕೈ, ಎಸ್‌ಟಿಡಿ ಬೂತಿನೊಳಗೆ ಏರುತ್ತಿರುವ ಮೀಟರನ್ನು ನೋಡುತ್ತಲೇ ಅಳುವ ಹೆಣ್ಣು. ಆಗ ಇವನ್ನು ಯಾರೂ ಗಮನಿಸಲಿಲ್ಲ, ಏಕೆಂದರೆ ನಮ್ಮ ಮನೆಯಲ್ಲೂ ಅವೇ ಇದ್ದವು.

ಆ ಧಾರಾವಾಹಿಗಳು ಕುಂದಿಲ್ಲದವು ಎಂದು ನಾನು ವಾದಿಸುವುದಿಲ್ಲ. ಮತ್ತೆ ನೋಡುವಾಗ ಕಣ್ಣಿಗೆ ರಾಚುವುದೆಂದರೆ ಎಷ್ಟೋ ಮನೆಗಳಲ್ಲಿ ಕೆಲಸದವಳಿಗೆ ಹೆಸರೇ ಇಲ್ಲ. ನೂರಾರು ಕಂತು ನೀರು ತಂದುಕೊಟ್ಟರೂ ಅವಳ ಮನೆ ಎಲ್ಲಿದೆ ಎಂದು ನಮಗೆ ತೋರಿಸುವುದಿಲ್ಲ. ನಮ್ಮ ಗುಂಪಿನಲ್ಲಿ ಇದನ್ನು ಮೊದಲು ಹೇಳಿದವರು ಕ್ಯೂರಿಂಗ್ ವರ್ಕ್ಸ್‌ನ ಅದೇ ಹೆಂಗಸು, ಮತ್ತು ಆ ದಿನ ನಾವು ಮೂರನೆಯ ಕಂತು ಹಾಕಲಿಲ್ಲ. ಹೆಚ್ಚಿನ ಪಾತ್ರಗಳು ಆಡುವುದು ಬೆಂಗಳೂರು, ಮೈಸೂರಿನ ಕನ್ನಡವನ್ನೇ. ಕೊಪ್ಪ, ಶೃಂಗೇರಿ ಕಡೆಯ ಮಾತಾಗಲಿ, ಕಡೂರು, ತರೀಕೆರೆ ಬಯಲಿನ ಮಾತಾಗಲಿ ಕೇಳಿಸುವುದು ಕಡಿಮೆ. ಇಂಥ ಕೊರತೆಗಳಿರುವ ಕಂತುಗಳನ್ನೂ ತಿದ್ದದೆ, ಬಿಡದೆ ಉಳಿಸಬೇಕೆಂಬುದು ನಮ್ಮ ಕೋರಿಕೆ. ನಾವು ಏನನ್ನು ನೋಡಲಿಲ್ಲ ಎಂಬುದು ತಿಳಿಯಬೇಕಾದರೂ ನೋಡಿದ್ದು ಇಡಿಯಾಗಿ ಉಳಿದಿರಬೇಕು.

ಇನ್ನೊಂದು ಬಗೆಯ ಧಾರಾವಾಹಿಯನ್ನೂ ಇಲ್ಲಿ ನೆನೆಯಬೇಕು. ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ ಕಾದಂಬರಿಯನ್ನು ಗಿರೀಶ್ ಕಾಸರವಳ್ಳಿಯವರು ಈಟಿವಿ ಕನ್ನಡಕ್ಕಾಗಿ ಧಾರಾವಾಹಿಯಾಗಿ ನಿರ್ದೇಶಿಸಿದರು. ಭೈರಪ್ಪನವರು 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಅವರ ಪುಸ್ತಕಗಳು ಮತ್ತೆ ಕೈಯಿಂದ ಕೈಗೆ ಹೋದವು. ಆ ವಾರ ನಮ್ಮ ಗುಂಪಿನಲ್ಲಿ ಚನ್ನರಾಯಪಟ್ಟಣದ ಕಡೆಯಿಂದ ಸೊಸೆಯಾಗಿ ಬಂದವರೊಬ್ಬರು ಕೇಳಿದ್ದು ಧಾರಾವಾಹಿಯನ್ನು. ತಮ್ಮ ತವರಿನ ಸೀಮೆಯ ಬರ, ಪ್ಲೇಗು, ಶ್ಯಾನುಭೋಗಿಕೆ ಎಲ್ಲವೂ ಇರುವ ಆ ಕಥೆಯನ್ನು ಓದಲು ಈಗ ಅವರ ಕಣ್ಣು ಸಾಗದು, ನೋಡುವುದಾದರೆ ನೋಡಬಲ್ಲರು. ಓದಲಾಗದವರಿಗೆ, ಓದು ಬಾರದವರಿಗೆ ಧಾರಾವಾಹಿಯೇ ಗ್ರಂಥಾಲಯ ಎಂಬುದನ್ನು ನಾನು ಕಂಡಿದ್ದು ಆ ದಿನ.

‘ಧಾರಾವಾಹಿ’ ಎಂಬ ಪದ ನಮಗೆ ಟಿವಿಯಿಂದ ಬಂದದ್ದಲ್ಲ. ವಾರಪತ್ರಿಕೆಗಳಲ್ಲಿ ಕಾದಂಬರಿಗಳು ವಾರ ವಾರವೂ ಬರುತ್ತಿದ್ದಾಗಲೇ ಅದು ಮನೆಮನೆಯ ಮಾತಾಗಿತ್ತು. ನನ್ನ ತಾಯಿ ‘ಸುಧಾ’, ‘ಪ್ರಜಾಮತ’ಗಳ ಧಾರಾವಾಹಿ ಪುಟಗಳನ್ನು ಕತ್ತರಿಸಿ, ವಾರದ ಕ್ರಮದಲ್ಲಿ ಜೋಡಿಸಿ, ಕಾಫಿ ಗೋಣಿ ಹೊಲಿಯುವ ದಬ್ಬಣದಿಂದ ಅಂಚು ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿ ಪುಸ್ತಕ ಮಾಡಿಟ್ಟಿದ್ದರು. ಒಂದು ವಾರದ ಪತ್ರಿಕೆ ಬಾರದಿದ್ದರೆ ಅಷ್ಟು ಪುಟಗಳ ಜಾಗದಲ್ಲಿ ಖಾಲಿ ಹಾಳೆ ಸೇರಿಸಿ, “ಇಲ್ಲಿ ಒಂದು ವಾರ ಇಲ್ಲ” ಎಂದು ಪೆನ್ಸಿಲಿನಲ್ಲಿ ಬರೆದಿರುತ್ತಿದ್ದರು. ಅಂಥ ಹದಿನಾರು ಪುಸ್ತಕಗಳು ನಮ್ಮ ಮನೆಯಲ್ಲಿವೆ. ನಾಲ್ಕನೆಯ ತರಗತಿ ಓದಿದ ನನ್ನ ತಾಯಿ ಮಾಡಿದ ಆ ಕೆಲಸದಲ್ಲಿ ಸಂಗ್ರಹ, ಕ್ರಮ, ಇಲ್ಲದ್ದನ್ನು ಇಲ್ಲವೆಂದು ದಾಖಲಿಸುವ ಪ್ರಾಮಾಣಿಕತೆ ಮೂರೂ ಇದ್ದವು. ಟಿವಿಯ ಧಾರಾವಾಹಿಯನ್ನು ಹಾಗೆ ಹೊಲಿದಿಡಲು ನಮಗೆ ಸಾಧ್ಯವಾಗಲಿಲ್ಲ. ಅದು ತಮ್ಮಿಂದ ಮಾತ್ರ ಆಗಬೇಕಾದ ಕೆಲಸ.

ಪ್ರಯತ್ನ ಪಡಲಿಲ್ಲವೆಂದಲ್ಲ. ಕೊಪ್ಪದ ಬಳಿ ಇದ್ದ ನನ್ನ ಚಿಕ್ಕಮ್ಮ, ಕೆಲಸಕ್ಕೆ ಹೋಗುವ ಮಗಳು ಊರಿಗೆ ಬಂದಾಗ ನೋಡಲೆಂದು, ವಿಸಿಆರ್‌ನಲ್ಲಿ ಮೂವತ್ತಕ್ಕಿಂತ ಹೆಚ್ಚು ಕ್ಯಾಸೆಟ್ ತುಂಬ ಕಂತುಗಳನ್ನು ಹಿಡಿದಿಟ್ಟಿದ್ದರು. ಒಂದೊಂದರ ಬೆನ್ನಿಗೂ ತಾರೀಖು ಬರೆದು, ಥಂಡಿ ತಾಗದಿರಲೆಂದು ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಜೋಡಿಸಿದ್ದರು. ಒಲೆಯ ಬಿಸಿಯಿದ್ದಷ್ಟು ವರ್ಷ ಅವು ಚೆನ್ನಾಗಿಯೇ ಇದ್ದವು. ಗ್ಯಾಸ್ ಬಂದು ಒಲೆ ಆರಿದ ಮೇಲೆ ನಾಲ್ಕೈದು ಮಳೆಗಾಲಗಳಲ್ಲಿ ಬೂಷ್ಟು ಹಿಡಿಯಿತು. ನಾನು ಅವನ್ನು ಪೇಟೆಗೆ ತಂದು ಸಿಡಿಗೆ ಹಾಕಿಸಲು ಕೊಟ್ಟಾಗ, ಮೊದಲ ಎರಡು ಕ್ಯಾಸೆಟ್‌ಗಳ ಟೇಪು ಯಂತ್ರಕ್ಕೆ ಅಂಟಿಕೊಂಡು ಸುರುಳಿಸುರುಳಿಯಾಗಿ ಹರಿದುಬಂತು. ಉಳಿದವನ್ನು ಹಾಕಲು ಅಂಗಡಿಯವರು ಹೆದರಿದರು. ಈಗ ಏಳು ಮಾತ್ರ ಬೂಷ್ಟಿಲ್ಲದೆ ಉಳಿದಿವೆ.

ನಮ್ಮ ಅಟ್ಟದಲ್ಲಿ ಆದದ್ದು ದೊಡ್ಡ ಸಂಸ್ಥೆಗಳ ಉಗ್ರಾಣಗಳಲ್ಲಿ ಆಗದೆಂದು ಯಾರೂ ನಿಶ್ಚಿಂತರಾಗಿರಬಾರದು. ವಿಡಿಯೋ ಟೇಪೆಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಂಥ ಒಂದು ಲೇಪದಲ್ಲಿ ಹಿಡಿದಿಟ್ಟ ಕಾಂತೀಯ ಪುಡಿ. ಆ ಅಂಟು ಗಾಳಿಯ ತೇವವನ್ನು ಹೀರಿ ನಿಧಾನವಾಗಿ ಸಡಿಲಗೊಳ್ಳುತ್ತದೆ. ಆಮೇಲೆ ಟೇಪನ್ನು ಓಡಿಸಿದರೆ ಪುಡಿಯೇ ಕಿತ್ತುಬರುತ್ತದೆ, ಅದರೊಡನೆ ಚಿತ್ರವೂ ಹೋಗುತ್ತದೆ. ಟೇಪು ಚೆನ್ನಾಗಿದ್ದರೂ ಅದನ್ನು ಓಡಿಸುವ ಯು-ಮ್ಯಾಟಿಕ್, ಬೀಟಾಕ್ಯಾಮ್ ಯಂತ್ರಗಳು, ಅವುಗಳ ಬಿಡಿಭಾಗಗಳು, ದುರಸ್ತಿ ಬಲ್ಲ ತಂತ್ರಜ್ಞರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಯುನೆಸ್ಕೋ 2019ರಲ್ಲಿ ಕಾಂತೀಯ ಟೇಪುಗಳ ಬಗ್ಗೆ ಜಗತ್ತಿಗೆ ಎಚ್ಚರಿಕೆ ಕೊಟ್ಟು, ಸುಮಾರು 2025ರ ಹೊತ್ತಿಗೆ ಇವನ್ನು ಓಡಿಸಿ ನೋಡುವ ಸಾಧ್ಯತೆಯೇ ಬಹಳ ಕಡೆ ಇಲ್ಲವಾಗಬಹುದೆಂದಿತ್ತು. ಆ ಗಡುವು ಬಂದಾಗಿದೆ.

ಕೆಲಸ ಅಳತೆಗೆ ಮೀರಿದ್ದೇ ಎಂದು ನಾನು ಲೆಕ್ಕ ಹಾಕಿ ನೋಡಿದೆ. ವಾರಕ್ಕೆ ಐದರಂತೆ 500 ಕಂತುಗಳ ಒಂದು ಧಾರಾವಾಹಿ ಸುಮಾರು ಎರಡು ವರ್ಷ ಓಡುತ್ತದೆ. ಜಾಹೀರಾತು ಬಿಟ್ಟು ಕಂತಿಗೆ 22 ನಿಮಿಷ ಎಂದಿಟ್ಟುಕೊಂಡರೆ ಒಟ್ಟು 11,000 ನಿಮಿಷ, ಅಂದರೆ 183 ಗಂಟೆ. ಟೇಪನ್ನು ಡಿಜಿಟಲ್ ಮಾಡುವಾಗ ಅದು ಓಡುವಷ್ಟು ಹೊತ್ತು ಓಡಲೇಬೇಕು. ಒಂದೇ ಯಂತ್ರದಲ್ಲಿ ದಿನಕ್ಕೆ ಎಂಟು ಗಂಟೆ ಓಡಿಸಿದರೂ 23 ಕೆಲಸದ ದಿನಗಳು ಸಾಕು. ಟೇಪನ್ನು ಸ್ವಚ್ಛ ಮಾಡುವುದು, ಪರೀಕ್ಷಿಸುವುದು, ಹಾಳಾದುದನ್ನು ಸರಿಪಡಿಸುವುದು ಸೇರಿ ಅದರ ಮೂರು ಪಟ್ಟು ಹಿಡಿಯಿತೆನ್ನಿ. ಎರಡು ವರ್ಷ ಒಂದು ನಾಡಿನ ಮನೆಗಳನ್ನು ತುಂಬಿದ್ದ ಕಥೆಗೆ ಅದು ಹೆಚ್ಚಿನ ಸಮಯವಲ್ಲ.

ಹಕ್ಕುಸ್ವಾಮ್ಯದ ತೊಡಕು ನಮಗೆ ಗೊತ್ತಿದೆ. ದೂರದರ್ಶನದಲ್ಲಿ ಸ್ವಂತವಾಗಿ ತಯಾರಿಸಿದ, ಹಣ ಕೊಟ್ಟು ಮಾಡಿಸಿದ ಮತ್ತು ಪ್ರಾಯೋಜಿತ ಎಂಬ ಬೇರೆ ಬೇರೆ ಬಗೆಯ ಕಾರ್ಯಕ್ರಮಗಳಿದ್ದು, ಪ್ರಾಯೋಜಿತ ಧಾರಾವಾಹಿಗಳ ಹಕ್ಕು ಸಾಮಾನ್ಯವಾಗಿ ನಿರ್ಮಾಪಕರ ಬಳಿಯೇ ಇರುತ್ತದೆ. 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಇಂಥ ದೃಶ್ಯ ಕೃತಿಗಳ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಉಳಿಯುತ್ತದೆ. 1998ರಲ್ಲಿ ಪ್ರಸಾರವಾದದ್ದರ ಹಕ್ಕು 2058ರ ಕೊನೆಯವರೆಗೆ ಇರುತ್ತದೆ. ಟೇಪು ಅಲ್ಲಿಯವರೆಗೆ ಇರುವುದಿಲ್ಲ. ಆದ್ದರಿಂದ ಯಾರು ಪ್ರಸಾರ ಮಾಡಬೇಕು ಎಂಬ ಚರ್ಚೆ ಮುಗಿಯಲೆಂದು ಕಾಯದೆ, ಮೊದಲು ಪ್ರತಿ ಮಾಡಿಟ್ಟುಕೊಳ್ಳುವ ಕೆಲಸಕ್ಕೆ ನಿರ್ಮಾಪಕರು ಮತ್ತು ವಾಹಿನಿಗಳು ಒಪ್ಪಂದ ಮಾಡಿಕೊಳ್ಳಬೇಕೆಂದು ವಿನಂತಿಸುತ್ತೇನೆ. ಮರುಪ್ರಸಾರದಿಂದ ಹಣ ಬರುವುದಾದರೆ ಅದರಲ್ಲಿ ಬರೆದವರಿಗೆ, ಸಂಗೀತ ಕೊಟ್ಟವರಿಗೆ ಸಲ್ಲಬೇಕಾದ ರಾಯಧನದ ಬಗ್ಗೆ 2012ರ ತಿದ್ದುಪಡಿ ಹೇಳಿದೆ. ಆಗ ದಿನದ ಲೆಕ್ಕದಲ್ಲಿ ಸಂಭಾವನೆ ಪಡೆದು, ಈಗ ವಯಸ್ಸಾಗಿ ಮನೆಯಲ್ಲಿ ಕುಳಿತಿರುವ ಪೋಷಕ ಕಲಾವಿದರಿಗೂ ಒಂದು ಪಾಲು ಮುಟ್ಟಬೇಕೆಂಬುದು ನಮ್ಮ ಹನ್ನೊಂದು ಮಂದಿಯ ಒಮ್ಮತದ ಅಭಿಪ್ರಾಯ. ಹಾಗೆ ಮುಟ್ಟುತ್ತದೆಂದು ತಿಳಿದರೆ ನಾವು ಹಣ ಕೊಟ್ಟು ನೋಡಲೂ ಸಿದ್ಧ.

ಹಳೆಯದಕ್ಕೆ ನೋಡುಗರಿಲ್ಲ ಎಂಬ ಮಾತಿಗೆ ತಮ್ಮ ಅನುಭವವೇ ಉತ್ತರ. 2020ರ ಮಾರ್ಚ್ ಕೊನೆಯಲ್ಲಿ ದೇಶವೇ ಬಾಗಿಲು ಹಾಕಿಕೊಂಡಾಗ ದೂರದರ್ಶನ 1987ರ ‘ರಾಮಾಯಣ’ವನ್ನು ಮತ್ತೆ ಪ್ರಸಾರ ಮಾಡಿತು, ಮರುತಿಂಗಳಲ್ಲೇ ಹಳೆಯ ಕಾರ್ಯಕ್ರಮಗಳಿಗಾಗಿ ಡಿಡಿ ರೆಟ್ರೋ ಎಂಬ ವಾಹಿನಿಯನ್ನೇ ತೆರೆಯಿತು. ಚಿತ್ರೀಕರಣ ನಿಂತಿದ್ದ ಆ ದಿನಗಳಲ್ಲಿ ಖಾಸಗಿ ವಾಹಿನಿಗಳೂ ಹಳೆಯ ಕಂತುಗಳನ್ನು ಮತ್ತೆ ತೋರಿಸಿದವು. ‘ಮಾಯಾಮೃಗ’ದ ಕಥೆ 2022ರಲ್ಲಿ ‘ಮತ್ತೆ ಮಾಯಾಮೃಗ’ ಎಂಬ ಹೆಸರಿನಿಂದ ಖಾಸಗಿ ವಾಹಿನಿಯೊಂದರಲ್ಲಿ ಮುಂದುವರಿಯಿತು. ಎರಡು ದಶಕ ಕಳೆದ ಮೇಲೂ ಪಾತ್ರಗಳ ಗತಿ ಏನಾಯಿತೆಂದು ಕೇಳುವವರು ಇದ್ದುದರಿಂದಲೇ ಅದು ಸಾಧ್ಯವಾಯಿತು. 2024ರ ನವೆಂಬರಿನಲ್ಲಿ ಪ್ರಸಾರ ಭಾರತಿ ‘ವೇವ್ಸ್’ ಎಂಬ ತನ್ನದೇ ಆ್ಯಪ್ ಆರಂಭಿಸಿದೆ. ಹೀಗೆ ಇಡಲು ಜಾಗವಿದೆ, ನೋಡಲು ಜನರಿದ್ದಾರೆ. ಬೆಂಗಳೂರು ಕೇಂದ್ರದ ಸಂಗ್ರಹದಲ್ಲಿರುವ ಕನ್ನಡ ಧಾರಾವಾಹಿಗಳ ಹೆಸರು, ಪ್ರಸಾರವಾದ ವರ್ಷ, ಒಟ್ಟು ಕಂತುಗಳು, ಉಳಿದಿರುವ ಕಂತುಗಳು, ಇಲ್ಲದ ಕಂತುಗಳು ಇಷ್ಟನ್ನು ಒಳಗೊಂಡ ಪಟ್ಟಿಯೊಂದನ್ನು ಮೊದಲು ಪ್ರಕಟಿಸಿ. ನನ್ನ ತಾಯಿ ಪೆನ್ಸಿಲಿನಲ್ಲಿ ಬರೆದಂತೆ, ಇಲ್ಲದ್ದನ್ನು ಇಲ್ಲವೆಂದೇ ಬರೆಯಿರಿ. ಅಕ್ಟೋಬರ್ 27 ಯುನೆಸ್ಕೋ ಗೊತ್ತುಮಾಡಿದ ದೃಶ್ಯ ಶ್ರವ್ಯ ಪರಂಪರೆಯ ದಿನ. ಅದಾಗಿ ಐದನೆಯ ದಿನಕ್ಕೆ ರಾಜ್ಯೋತ್ಸವ. ಆ ವಾರದಲ್ಲಿ ಪಟ್ಟಿ ಹೊರಬಂದರೆ ನಮಗೆ ಅದೇ ಹಬ್ಬ.

ಖಾಸಗಿ ವಾಹಿನಿಗಳವರಲ್ಲಿ ನನ್ನ ಮಾತು ಸ್ವಲ್ಪ ಬೇರೆ. 1994ರಲ್ಲಿ ಉದಯ ಟಿವಿ, 2000ದಲ್ಲಿ ಈಟಿವಿ ಕನ್ನಡ ಬಂದ ಮೇಲೆ ಕನ್ನಡದ ಮನೆಗಳ ಮಧ್ಯಾಹ್ನ ತಮ್ಮ ಕೈಗೆ ಬಂತು. ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡವಾಯಿತು. ವಾಹಿನಿಯ ಹೆಸರು, ಒಡೆತನ ಬದಲಾಗುವುದು ವ್ಯವಹಾರದಲ್ಲಿ ಸಹಜ. ಹಾಗೆ ಬದಲಾದಾಗ ಹಿಂದಿನ ಕಂತುಗಳ ಜವಾಬ್ದಾರಿ ಯಾರದೆಂಬುದನ್ನು ವೀಕ್ಷಕರಿಗೆ ಸ್ಪಷ್ಟಪಡಿಸುವುದೂ ಸಹಜವಾಗಬೇಕು. ನಾವು ಕಳೆದ ವರ್ಷ ನೋಡುತ್ತಿದ್ದ ಒಂದು ಧಾರಾವಾಹಿಯ 61ರಿಂದ 74ರವರೆಗಿನ ಕಂತುಗಳು ಎಲ್ಲಿಯೂ ಸಿಗಲಿಲ್ಲ. ಯಾರನ್ನೂ ದೂರುವ ಉದ್ದೇಶವಿಲ್ಲದ ಕಾರಣ ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮಲ್ಲಿ ಆಗ ನೋಡಿದ್ದ ನಾಲ್ವರು ಎರಡು ಮಧ್ಯಾಹ್ನ ಕುಳಿತು ನೆನಪಿನಿಂದ ಆ ಹದಿನಾಲ್ಕು ಕಂತುಗಳನ್ನು ಉಳಿದವರಿಗೆ ಹೇಳಿದರು. ನಾಲ್ವರ ಕಥೆ ನಾಲ್ಕು ಬಗೆಯಾಗಿತ್ತು.

ಮತ್ತೆ ತೋರಿಸುವಾಗ ತುಣುಕು ಮಾಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಮೂರು ನಿಮಿಷದ ಜಗಳ, ನಾಲ್ಕು ನಿಮಿಷದ ಮದುವೆ, ಅಳುವ ದೃಶ್ಯಗಳ ಜೋಡಣೆ ಇವು ಧಾರಾವಾಹಿಯಲ್ಲ. ಹುರುಳಿಕಾಯಿ ನಾರು ತೆಗೆಯುತ್ತಾ ಇಬ್ಬರು ಹೆಂಗಸರು ಏನೂ ನಡೆಯದ ಐದು ನಿಮಿಷ ಮಾತಾಡುವುದು, ಕಾಗದ ಬರುವುದೆಂದು ಮೂರು ಕಂತು ಕಾಯುವುದು, ಅದು ಬಾರದಿರುವುದು, ಆ ಕಾಯುವಿಕೆ ನಮ್ಮ ದಿನಗಳ ಕಾಯುವಿಕೆಯೊಡನೆ ಬೆರೆಯುವುದು, ಇದರಲ್ಲಿಯೇ ಧಾರಾವಾಹಿಯ ಜೀವವಿದೆ. ಶೀರ್ಷಿಕೆ ಗೀತೆಯನ್ನು ದಯವಿಟ್ಟು ಪ್ರತಿ ಕಂತಿನಲ್ಲಿಯೂ ಇಡಿ. ಅದು ಮುಗಿಯುವುದರೊಳಗೆ ಒಲೆಯ ಮೇಲಿನದನ್ನು ಇಳಿಸಿ ಬರುವ ಅಭ್ಯಾಸ ನಮ್ಮಲ್ಲಿ ಕೆಲವರಿಗೆ ಇಂದಿಗೂ ಇದೆ. ಕೊನೆಯಲ್ಲಿ ಓಡುವ ಹೆಸರುಗಳನ್ನು ಕತ್ತರಿಸಬೇಡಿ. ಬೆಳಕು ಹಿಡಿದವರು, ಬಣ್ಣ ಹಚ್ಚಿದವರು, ಮನೆ ಬಿಟ್ಟುಕೊಟ್ಟವರು, ಹವ್ಯಾಸಿ ರಂಗತಂಡಗಳಿಂದ ಬಂದು ಒಂದೆರಡು ಕಂತಿನಲ್ಲಿ ಮಾತ್ರ ಕಂಡವರು, ಇವರೆಲ್ಲರ ಹೆಸರು ಅಲ್ಲಿ ಬಿಟ್ಟರೆ ಇನ್ನೆಲ್ಲಿಯೂ ಇರಲಾರದು. ಚೌಕದಂಥ ಹಳೆಯ ಚಿತ್ರವನ್ನು ಈಗಿನ ಅಗಲದ ಪರದೆಗೆ ಎಳೆದು ಮುಖಗಳನ್ನು ಚಪ್ಪಟೆ ಮಾಡಬೇಡಿ. ಕಂತಿನ ಸಂಖ್ಯೆ, ತಾರೀಖು, ಹೆಸರು ಎಲ್ಲವೂ ಕನ್ನಡ ಅಕ್ಷರಗಳಲ್ಲಿ ಇರಲಿ. ನಮ್ಮ ಗುಂಪಿನ ಬಹುಪಾಲು ಹೆಂಗಸರು ಮೊಬೈಲಿನಲ್ಲಿ ಹುಡುಕುವುದು ಕನ್ನಡದಲ್ಲಿಯೇ. ಕಿವಿ ಮಂದವಾದವರಿಗೆ ಅಡಿಯಲ್ಲಿ ಕನ್ನಡದ ಸಾಲುಗಳೂ ಬಂದರೆ ಬಹಳ ಉಪಕಾರ.

ಕೊನೆಯದಾಗಿ, ನಮ್ಮಂಥ ನೋಡುಗರನ್ನು ಈ ಕೆಲಸದಲ್ಲಿ ಸೇರಿಸಿಕೊಳ್ಳಿ. ಅಮೆರಿಕದ ಎಬಿಸಿ ವಾಹಿನಿಯಲ್ಲಿ 1966ರಿಂದ 1971ರವರೆಗೆ ‘ಡಾರ್ಕ್ ಷ್ಯಾಡೋಸ್’ ಎಂಬ ಮಧ್ಯಾಹ್ನದ ಧಾರಾವಾಹಿ ಬರುತ್ತಿತ್ತು. ಅದರ 1,225 ಕಂತುಗಳಲ್ಲಿ ಒಂದೇ ಒಂದು ಕಂತಿನ ಟೇಪು ಕಳೆದುಹೋಯಿತು. ಅಭಿಮಾನಿಯೊಬ್ಬರು ಪ್ರಸಾರದ ಹೊತ್ತಿನಲ್ಲಿ ಮನೆಯಲ್ಲಿ ಹಿಡಿದಿಟ್ಟಿದ್ದ ಧ್ವನಿಮುದ್ರಣ ಇದ್ದುದರಿಂದ, ಸ್ಥಿರಚಿತ್ರಗಳನ್ನು ಜೋಡಿಸಿ ಆ ಕಂತನ್ನೂ ಮತ್ತೆ ಕಟ್ಟಿದರು. ಅಂಥ ಮುದ್ರಣಗಳು ನಮ್ಮ ಜಿಲ್ಲೆಗಳ ಅಟ್ಟಗಳಲ್ಲಿ, ಟ್ರಂಕುಗಳಲ್ಲಿ, ಮುಚ್ಚಿಹೋದ ವಿಡಿಯೋ ಅಂಗಡಿಗಳ ಹಿಂಬದಿಯಲ್ಲಿ ಇನ್ನೂ ಇರಬಹುದು. ಚಿಕ್ಕಮಗಳೂರು, ಹಾಸನದಂಥ ಊರುಗಳಲ್ಲಿ ವರ್ಷಕ್ಕೊಂದು ದಿನ ಜಿಲ್ಲಾ ಗ್ರಂಥಾಲಯದಲ್ಲಿಯೋ ಕಲಾಮಂದಿರದಲ್ಲಿಯೋ ತಮ್ಮ ತಂತ್ರಜ್ಞರು ಕುಳಿತು, ಜನ ತರುವ ಕ್ಯಾಸೆಟ್‌ಗಳನ್ನು ಪರೀಕ್ಷಿಸಿ, ಪ್ರತಿ ಮಾಡಿಕೊಂಡು ಹಿಂದಿರುಗಿಸುವ ಏರ್ಪಾಡಾದರೆ ಸಾಕು. ಜನರನ್ನು ಕರೆಯುವುದು, ತಂದದ್ದರ ಪಟ್ಟಿ ಬರೆಯುವುದು, ಬಂದವರಿಗೆ ಊಟ ಹಾಕುವುದು ನಮ್ಮ ಕೆಲಸ.

ಚಿಕ್ಕಮ್ಮನ ಏಳು ಕ್ಯಾಸೆಟ್‌ಗಳನ್ನು ನಾನು ಅಟ್ಟದಿಂದ ಇಳಿಸಿ, ಒಂದೊಂದನ್ನೂ ಒಣಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಟ್ಟಿದ್ದೇನೆ. ಅವುಗಳ ಬೆನ್ನಿನ ಮೇಲಿನ ತಾರೀಖುಗಳನ್ನು ನೋಡಿದರೆ, ನಮಗೆ ಸಿಗದ ಹದಿನಾಲ್ಕು ಕಂತುಗಳಲ್ಲಿ ಮೂರು ಅದರಲ್ಲಿ ಇರಬೇಕು. ಅವನ್ನು ಎಲ್ಲಿಗೆ, ಯಾರ ಕೈಗೆ ತಲುಪಿಸಬೇಕೆಂದು ತಿಳಿಸಿ. ಜೂನ್ ತಿಂಗಳ ಮಳೆ ಹಿಡಿಯುವುದಕ್ಕೆ ಮುಂಚೆ ನಾನೇ ಬಸ್ಸಿನಲ್ಲಿ ತಂದುಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕಿ
ಮತ್ತು ಜೊತೆಗೆ ನೋಡುವ ಹತ್ತು ಮಂದಿ
ಬಸವನಹಳ್ಳಿ, ಚಿಕ್ಕಮಗಳೂರು